ಒಂದೇ ಪಾತ್ರೆ, ಎರಡು ಹೊಟ್ಟೆ

ನೂರ್ಡ್‌ವೇನ್, 3 ಅಕ್ಟೋಬರ್ 1993

ಪ್ರೀತಿಯ ಆಲ್ಚೆ,

ಬಾಟಲಿಯ ತಳಕ್ಕೆ ಅಂಟಿದ ಕಸ್ಟರ್ಡನ್ನು ಕೆರೆದು ತೆಗೆಯುವ ಉದ್ದ ಹಿಡಿಕೆಯ ರಬ್ಬರ್ ಕೋಲು ಈ ದೇಶದ ಪ್ರತಿ ಅಡುಗೆಮನೆಯಲ್ಲೂ ನೇತಾಡುತ್ತದಲ್ಲ, ಅದನ್ನು ಕಂಡುಹಿಡಿದವನು ನಾನು. ಏಳನೆಯ ವಯಸ್ಸಿನಲ್ಲಿ, ಅಪ್ಪನ ಹಳೆಯ ಬೂಟಿನ ರಬ್ಬರು ಕತ್ತರಿಸಿ. ಯಾವನೋ ಅದನ್ನು ನೋಡಿಕೊಂಡು ಹೋಗಿ ದುಡ್ಡು ಮಾಡಿದ. ನಾನು ಕೇಸು ಹಾಕಲಿಲ್ಲ, ವಕೀಲನಿಗೆ ಕೊಡುವ ಕಾಸು ದಂಡ ಎಂದು ಸುಮ್ಮನಾದೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನೀನು ನಿನ್ನ ನಾಯಿಯನ್ನು ಅಂಥಿಂಥ ಮನುಷ್ಯನ ಕೈಗೆ ಒಪ್ಪಿಸಿ ಹೋಗಿಲ್ಲ ಎಂಬುದು ನಿನಗೆ ಗೊತ್ತಿರಲಿ.

ಪಿಮ್ ಚೆನ್ನಾಗಿದ್ದಾನೆ. ನೀನು ನಾರ್ವೆಯ ಹಡಗು ಹತ್ತಿದ ದಿನ ಬಾಗಿಲ ಬಳಿ ಕೂತು ಕೊರಗಿದ. ಮರುದಿನ ಎದ್ದು ಕಾಲುವೆಯ ದಂಡೆಯಲ್ಲಿ ಬಾತುಕೋಳಿಗಳನ್ನು ಅಟ್ಟಿಸಿಕೊಂಡು ಹೋದ. ನಾಯಿ ಒಳಗೆ ಬರಬೇಕಾದರೆ ತಿಂಗಳುಗಟ್ಟಲೆ ಬೋನಿನಲ್ಲಿರಬೇಕು ಅನ್ನುವ ದೇಶಕ್ಕೆ ನೀನು ಕೆಲಸಕ್ಕೆ ಹೋಗಿದ್ದೇ ನನಗೆ ಸರಿಕಾಣಲಿಲ್ಲ. ಆದರೆ ಆಸ್ಪತ್ರೆಯವರು ಸಂಬಳ ಜಾಸ್ತಿ ಕೊಡುತ್ತಾರೆಂದೆಯಲ್ಲ, ಅದು ಸರಿ.

ಅವನ ಊಟಕ್ಕೆಂದು ತಿಂಗಳಿಗೆ ಮೂವತ್ತು ಗಿಲ್ಡರ್‌ನಂತೆ ಆರು ಲಕೋಟೆ ಇಟ್ಟುಹೋಗಿದ್ದೀ. ನಾನು ಒಂದನ್ನೂ ಒಡೆಯುವುದಿಲ್ಲ. ಮಾರ್ಚ್‌ನಲ್ಲಿ ಬಂದಾಗ ಆರೂ ಲಕೋಟೆ, ಅಂಟು ಸಮೇತ, ನಿನ್ನ ಕೈಗೆ ವಾಪಸು. ಹೇಗೆ ಎಂದು ಕೇಳಬೇಡ. ಅಪ್ಪನ ಹುಲ್ಲುಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದ್ದೇನೆ. ಒಂದು ಕುದಿ ಬಂದ ಪಾತ್ರೆಯನ್ನು ಅದರೊಳಗಿಟ್ಟು ಮುಚ್ಚಿದರೆ ಸಾಕು, ಒಲೆಯಿಲ್ಲದೆ ಸಂಜೆಯ ಹೊತ್ತಿಗೆ ಬೆಂದಿರುತ್ತದೆ. ಗ್ಯಾಸಿನವನು ನನ್ನ ಮೀಟರು ಓದಲು ಬಂದು, ಕೆಟ್ಟಿರಬೇಕೆಂದು ಎರಡು ಸಲ ತಟ್ಟಿ ನೋಡಿದ.

ಈ ಪತ್ರ ಹೋದ ವರ್ಷದ ಕ್ಯಾಲೆಂಡರಿನ ಬೆನ್ನ ಮೇಲೆ ಬರೆದದ್ದು. ತಿರುಗಿಸಿದರೆ ಆಗಸ್ಟ್ ತಿಂಗಳ ಕುದುರೆ ಇದೆ, ಗೋಡೆಗೆ ಹಚ್ಚಿಕೋ.

ನಿನ್ನ, ಬಾಟಲಿ ಕೋಲಿನ ಜನಕ,
ಬೆರೆಂಡ್ ಮಾವ


ಬರ್ಗೆನ್, 19 ಅಕ್ಟೋಬರ್

ಪ್ರೀತಿಯ ಮಾವ,

ಕುದುರೆ ಗೋಡೆಯ ಮೇಲಿದೆ. ಇಲ್ಲಿ ಎಲ್ಲವೂ ಬೆಂಕಿಯ ಬೆಲೆ. ಒಂದು ಸೌತೆಕಾಯಿ ಕೊಳ್ಳಲು ಅರ್ಧ ದಿನ ಯೋಚಿಸುತ್ತೇನೆ. ಪುಣ್ಯಕ್ಕೆ ನಮ್ಮೂರ ಪತ್ರಿಕೆಗೆ ಚಂದಾ ಕಟ್ಟಿ ಬಂದಿದ್ದೆ. ರೂಲ್ಫ್ ಮಾಮ ಬರೆಯುವ "ಕಾಸಿನ ಕಿವಿಮಾತು" ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಒಣಗಿದ ಬ್ರೆಡ್ಡನ್ನು ಹಾಲು ಮೊಟ್ಟೆಯಲ್ಲಿ ಅದ್ದಿ, ಬೆಣ್ಣೆ ಸುತ್ತಿ ಬಂದ ಕಾಗದದಿಂದಲೇ ಬಾಣಲೆ ಸವರಿ ಹುರಿಯುವುದನ್ನು ಅವರಿಂದ ಕಲಿತೆ. ವಾರ್ಡಿನ ಹುಡುಗಿಯರೆಲ್ಲ ಮೆಚ್ಚಿಕೊಂಡರು. ಅವರಿಗೆ ನನ್ನ ನಮಸ್ಕಾರ ಹೇಳಿ.

ಮಾವ, ಪಿಮ್‌ಗೆ ಅಂಗಡಿಯಲ್ಲಿ ಸಿಗುವ ಅವನ ಚೀಲದ ಊಟವನ್ನೇ ಹಾಕಿ. ಲಕೋಟೆ ಒಡೆಯಿರಿ. ಅದಕ್ಕೇ ಇಟ್ಟದ್ದು.

ಆಲ್ಚೆ


ನೂರ್ಡ್‌ವೇನ್, 2 ನವೆಂಬರ್

ಆಲ್ಚೆ,

ರೂಲ್ಫನಿಗೆ ನಿನ್ನ ನಮಸ್ಕಾರ ಹೇಳಿದೆ. ಹೇಳದೆ ಇರಬಹುದಿತ್ತು. ಹೇಳಿದೆ.

ಆ ಬೆಣ್ಣೆ ಕಾಗದದ ವಿದ್ಯೆ ಅವನಿಗೆ ಎಲ್ಲಿಂದ ಬಂತು ಎಂದು ನಿನಗೆ ಗೊತ್ತೆ? ಆಲೂಗಡ್ಡೆ ಹಿಟ್ಟಿನ ಕಾರ್ಖಾನೆಗೆ ನಾವಿಬ್ಬರೂ ಮೂವತ್ತೊಂದು ವರ್ಷ ಅಕ್ಕಪಕ್ಕ ಸೈಕಲ್ ತುಳಿದಿದ್ದೇವೆ. ದಾರಿಯುದ್ದಕ್ಕೂ ಮಾತಾಡುತ್ತಿದ್ದವನು ನಾನು. ಅವನು ಹೂಂ ಅನ್ನುತ್ತಿದ್ದ, ಅಷ್ಟೆ. ಆ ಹೂಂಗಳನ್ನೆಲ್ಲ ಈಗ ತಿಂಗಳಿಗೊಂದರಂತೆ ಅಚ್ಚುಹಾಕಿಸುತ್ತಿದ್ದಾನೆ, ಮೇಲೆ ತನ್ನ ಫೋಟೋ ಇಟ್ಟು. ಆ ಫೋಟೋದಲ್ಲಿ ಕತ್ತಿಗೆ ಟೈ ಬೇರೆ. ನಿನಗೆ ಬಾಟಲಿ ಕೆರೆಯುವುದನ್ನು ಮಂಡಿಯ ಮೇಲೆ ಕೂರಿಸಿಕೊಂಡು ಕಲಿಸಿದವನು ಯಾರೆಂದು ನಿನ್ನ ಫ್ರಿಜ್ಜಿನ ಬಾಗಿಲಿಗೆ ಹೇಳು.

ಭಾನುವಾರ ಅವನ ಮನೆಗೆ ಕಾಫಿಗೆ ಹೋಗಿದ್ದೆ, ಪಿಮ್ ಜೊತೆ. ರೂಲ್ಫ್ ಎಂದಿನಂತೆ ಬಿಸ್ಕತ್ತಿನ ಡಬ್ಬಿ ತೆಗೆದ, ನನಗೊಂದು ಕೊಟ್ಟ, ತಾನೊಂದು ತೆಗೆದುಕೊಂಡ. ಆಮೇಲೆ, ನೋಡು, ಪಿಮ್‌ಗೆ ಒಂದು ಹಾಕಿ, ಇನ್ನೂ ಒಂದು ಹಾಕಿ ಮುಚ್ಚಳ ಒತ್ತಿದ.

"ಯಾಕಪ್ಪ, ನಾಯಿಗೆ ಎರಡು, ನನಗೆ ಒಂದೇ?" ಅಂದೆ.

"ನಿನಗೆ ಎಣಿಕೆ ಬರ್ತದೆ. ಅವನಿಗೆ ಬರಲ್ಲ," ಅಂದ.

ಈ ಮನೆಗಳಲ್ಲಿ ಕಾಫಿಗೆ ಒಂದೇ ಬಿಸ್ಕತ್ತು, ಅದು ನನ್ನಜ್ಜನ ಕಾಲದಿಂದ ಇದ್ದ ಪದ್ಧತಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ವಾಪಸು ಬರುವಾಗ ಪಿಮ್ ಹೊಸಿಲ ಮೇಲೆ ಕೂತುಬಿಟ್ಟ. ಕರೆದೆ, ಬರಲಿಲ್ಲ. ಹಗ್ಗ ಹಿಡಿದು ಎಳೆದುಕೊಂಡು ಬಂದೆ. ರೂಲ್ಫ್ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ನಿನ್ನ,
ಬೆರೆಂಡ್ ಮಾವ


ನೂರ್ಡ್‌ವೇನ್, 28 ನವೆಂಬರ್

ಆಲ್ಚೆ,

ಎರಡು ಸುದ್ದಿ.

ಒಂದು, ಪಿಮ್ ಈಗ ದಿನಾ ಮಧ್ಯಾಹ್ನ ಮೂರಕ್ಕೆ ಸೇತುವೆ ದಾಟಿ ರೂಲ್ಫನ ಮನೆಗೆ ಹೋಗುತ್ತಾನೆ. ಕಾಫಿಯ ಹೊತ್ತು ಅವನಿಗೆ ಹೇಗೆ ತಿಳಿಯುತ್ತದೋ. ಬೇಲಿಯ ಕೆಳಗೆ ಹಲಗೆ ಹೊಡೆದೆ, ಪಕ್ಕದಲ್ಲಿ ತೋಡಿಕೊಂಡು ಹೋದ. ನಾನು ಊಟ ಹಾಕುವವನು, ನಾನು ಹಾಸಿಗೆ ಹಾಸುವವನು, ನಾನು ಮಳೆಯಲ್ಲಿ ತಿರುಗಾಡಿಸುವವನು. ಎರಡು ಒಣ ಬಿಸ್ಕತ್ತಿಗೆ ಮೂವತ್ತು ಮನೆ ದಾಟಿಕೊಂಡು ಹೋಗುತ್ತಾನಲ್ಲ ಅಂತ ನನಗೆ. ಈಗ ಎರಡು ದಿನದಿಂದ ಕಟ್ಟಿಹಾಕಿದ್ದೇನೆ.

ಎರಡು, ನಾನೂ ಪತ್ರಿಕೆಗೆ ಬರೆದೆ. ಕ್ರಿಸ್‌ಮಸ್ ಸಂಚಿಕೆಗೆ ಓದುಗರ ಸಲಹೆ ಕರೆದಿದ್ದಾರೆ, ಒಳ್ಳೆಯದನ್ನು ಮುಖಪುಟದಲ್ಲಿ ಹಾಕುತ್ತಾರೆ. ನಾನು ಆರನೇ ತರಗತಿಯವರೆಗೆ ಓದಿದವನು, ಆದರೂ ಮೂರು ಸಲ ತಿದ್ದಿ ಬರೆದೆ. ತಲೆಬರಹ: "ಒಂದೇ ಪಾತ್ರೆ, ಎರಡು ಹೊಟ್ಟೆ." ಸೋಮವಾರ ದೊಡ್ಡ ಪಾತ್ರೆಯಲ್ಲಿ ಹುಟ್ಸ್‌ಪಾಟ್ ಹಾಕುವುದು. ಗಜ್ಜರಿ, ಆಲೂಗಡ್ಡೆ, ಈರುಳ್ಳಿ, ಮೂರೂ ಶನಿವಾರ ಸಂತೆ ಮುಗಿಯುವ ಹೊತ್ತಿಗೆ ಕಾಲು ಬೆಲೆಗೆ ಸಿಗುತ್ತವೆ. ಈರುಳ್ಳಿಯಂತೂ ಮೂಟೆಯ ತಳದ್ದನ್ನು ಪುಕ್ಕಟೆ ಕೊಡುತ್ತಾರೆ, ಅದಕ್ಕೇ ನಾನು ಅದನ್ನು ಧಾರಾಳ ಹಾಕುತ್ತೇನೆ. ಹುಲ್ಲುಪೆಟ್ಟಿಗೆಯಲ್ಲಿ ಬೇಯಿಸಿ ಕಿವುಚಿದರೆ ವಾರಕ್ಕೆ ಸಾಕು, ಯಜಮಾನನಿಗೂ ಅದೇ, ನಾಯಿಗೂ ಅದೇ. ಅಕ್ಟೋಬರಿನಿಂದ ನಾವಿಬ್ಬರೂ ಹೀಗೇ ನಡೆಸುತ್ತಿದ್ದೇವೆ. ಚೀಲದ ಊಟಕ್ಕೆ ಒಂದು ಸೆಂಟೂ ಹಾಕಿಲ್ಲ. ನಿನ್ನ ಲಕೋಟೆಗಳು ಹಾಗೇ ಇವೆ.

ಪಿಮ್ ಈಗ ತುಂಬ ಸಾಧುವಾಗಿದ್ದಾನೆ. ಬಾತುಕೋಳಿ ಬಂದರೂ ಏಳುವುದಿಲ್ಲ. ಮಲಗಿರುತ್ತಾನೆ. ನನ್ನ ಪಾಲನೆಯಲ್ಲಿ ನಾಯಿಗೂ ಮರ್ಯಾದೆ ಬಂತು ನೋಡು.

ನಿನ್ನ,
ಬೆರೆಂಡ್ ಮಾವ


ಬರ್ಗೆನ್, 9 ಡಿಸೆಂಬರ್

ಮಾವ,

ಪಿಮ್ ಬಾತುಕೋಳಿ ಕಂಡರೂ ಏಳುವುದಿಲ್ಲ ಎಂದಿರಿ. ಅವನು ನಾಲ್ಕು ವರ್ಷದ ನಾಯಿ. ಅವನು ಹಗಲು ಮಲಗಿದ್ದನ್ನು ನಾನು ಒಂದು ಸಲವೂ ನೋಡಿಲ್ಲ.

ಚೀಲದ ಊಟ ಹಾಕಿ ಎಂದು ಬರೆದಿದ್ದೆ. ದಯವಿಟ್ಟು ಹಾಕಿ. ಒಮ್ಮೆ ಡಾಕ್ಟರಿಗೂ ತೋರಿಸಿ.

ನಿಮ್ಮ ಪತ್ರಗಳನ್ನು ಜೋಡಿಸಿಟ್ಟು ಓದಿದೆ. ರೂಲ್ಫ್ ಮಾಮನ ಸುದ್ದಿ ಬಹಳ ಇದೆ. ಪಿಮ್ ಸುದ್ದಿ ಕಡಿಮೆ.

ಆಲ್ಚೆ


ನೂರ್ಡ್‌ವೇನ್, 20 ಡಿಸೆಂಬರ್

ಆಲ್ಚೆ,

ಮುಖಪುಟ. ನನ್ನದು. ನಿನಗೂ ಅಂಚೆಯಲ್ಲಿ ಬಂದಿರುತ್ತದೆ, ಆದರೂ ಇನ್ನೊಂದು ಪ್ರತಿ ಇಟ್ಟಿದ್ದೇನೆ, ಫ್ರಿಜ್ಜಿಗೆ ಎರಡು ಬಾಗಿಲಿರಬಹುದು. "ಬೆರೆಂಡ್ ಹೋಫ್‌ಸ್ಟೇ ಅವರ ಒಂದೇ ಪಾತ್ರೆ, ಎರಡು ಹೊಟ್ಟೆ." ಟೈ ಕಟ್ಟಿಕೊಂಡು ಫೋಟೋ ತೆಗೆಸಿದ್ದೆ, ಜಾಗ ಸಾಲಲಿಲ್ಲವಂತೆ.

ಆ ಸಂಚಿಕೆಯಲ್ಲಿ ರೂಲ್ಫನ ಅಂಕಣವೇ ಇಲ್ಲ. ಅಂಗಡಿಯವಳು ಹೇಳಿದಳು, ನನ್ನದು ಉದ್ದವಾಯಿತೆಂದು ಸಂಪಾದಕರು ಕತ್ತರಿಸಲು ಹೊರಟಾಗ, "ನನ್ನದನ್ನು ತೆಗೀರಿ, ಅವನದು ಪೂರ್ತಿ ಬರಲಿ" ಅಂದನಂತೆ ರೂಲ್ಫ್. ನೋಡು ಅವನ ಬುದ್ಧಿ. ನಾನು ಗೆದ್ದ ಗೆಲುವನ್ನೂ ದಾನ ಮಾಡಿದ ಹಾಗೆ ಮಾಡಿಬಿಟ್ಟ.

ನಿನ್ನೆ ಬಂದಿದ್ದ. ಶಹಬ್ಬಾಸ್ ಅನ್ನಲು ಬಂದನೆಂದುಕೊಂಡೆ. ಬಂದವನು ಪಿಮ್ ಮುಂದೆ ಮಂಡಿಯೂರಿ ಅವನ ತುಟಿ ಎತ್ತಿ ನೋಡಿದ.

"ಬೆರೆಂಡ್, ಇವನ ಒಸಡು ಬಿಳಿಚಿಕೊಂಡಿದೆ ಕಣೋ."

"ಚಳಿಗೆ."

"ಒಸಡಿಗೆ ಚಳಿಯಾಗಲ್ಲ. ತಿನ್ನೋಕೆ ಏನು ಹಾಕ್ತಿದೀಯ, ಬರೆದಿರೋದನ್ನೇನಾ?"

"ಮುಖಪುಟ ನೋಡಿ ಹೊಟ್ಟೆ ಉರೀತಿದ್ಯಾ?" ಅಂದೆ. "ನಿನ್ನ ಬಿಸ್ಕತ್ತು ತಿಂದೇ ಇವನು ಹೀಗಾಗಿರೋದು."

ಅವನು ಎದ್ದು ಮಂಡಿಯ ಧೂಳು ಕೊಡವಿಕೊಂಡು ಹೋದ. ಮತ್ತೆ ಬರುವುದಿಲ್ಲವೆಂದು ಕಾಣುತ್ತದೆ. ಬರದಿರಲಿ.

ನಿನ್ನ ಪ್ರಶ್ನೆಗಳಿಗೆ ಹಬ್ಬ ಮುಗಿದ ಮೇಲೆ ಬರೆಯುತ್ತೇನೆ.

ಮುಖಪುಟದ,
ಬೆರೆಂಡ್ ಮಾವ


ನೂರ್ಡ್‌ವೇನ್, 30 ಡಿಸೆಂಬರ್

ಆಲ್ಚೆ,

ನಾನು ರೂಲ್ಫ್ ವೆನಿಂಗ್. ಹಿಂದೆಂದೂ ನಿನಗೆ ಕಾಗದ ಬರೆದವನಲ್ಲ. ನಿನ್ನ ಮಾವ ಬರೆಯಲು ಕೂರುತ್ತಾನೆ, ಹಾಳೆ ಹರಿದು ಒಲೆಗೆ ಹಾಕುತ್ತಾನೆ. ನೀನು ಪತ್ರಿಕೆ ನೋಡಿ ಗಾಬರಿಯಾಗಿರಬಹುದೆಂದು ಬರೆಯುತ್ತಿದ್ದೇನೆ.

ಪಿಮ್ ಪಶುವೈದ್ಯರ ಬಳಿ ಇದ್ದಾನೆ. ರಕ್ತ ಬಹಳ ಇಳಿದಿತ್ತು. ಉಳಿಯುತ್ತಾನೆ ಎಂದಿದ್ದಾರೆ. ಮಿಕ್ಕದ್ದನ್ನು ಬೆರೆಂಡನೇ ಹೇಳಬೇಕು, ಹೇಳುತ್ತಾನೆ.

ರೂಲ್ಫ್


ನೂರ್ಡ್‌ವೇನ್, 16 ಜನವರಿ 1994

ಆಲ್ಚೆ,

ರೂಲ್ಫ್ ನನಗಿಂತ ಮೊದಲು ನಿನಗೆ ಬರೆದನಂತೆ. ಅದರಲ್ಲೂ ಅವನೇ ಮೊದಲು.

ಪಿಮ್ ಮನೆಗೆ ಬಂದಿದ್ದಾನೆ. ಅದನ್ನು ಮೇಲೆಯೇ ಬರೆದುಬಿಡುತ್ತೇನೆ, ನೀನು ಕೆಳಗೆ ಹುಡುಕಬೇಕಾಗಿಲ್ಲ.

ಹಬ್ಬ ಕಳೆದು ಎರಡನೇ ದಿನ ಬೆಳಿಗ್ಗೆ ಹಿತ್ತಲ ನೀರಿನ ಪಂಪಿನ ಹತ್ತಿರ ಬಿದ್ದಿದ್ದ. ಹಿಮದ ಮೇಲೆ ಅವನು ಉಚ್ಚೆ ಹೊಯ್ದ ಜಾಗ ಕಾಫಿಯ ಬಣ್ಣಕ್ಕಿತ್ತು. ಎತ್ತಿದರೆ ಕತ್ತು ನಿಲ್ಲಲಿಲ್ಲ. ನನ್ನ ಹತ್ತಿರ ಕಾರಿಲ್ಲ, ನಿನಗೆ ಗೊತ್ತು. ಸೇತುವೆ ದಾಟಿ ರೂಲ್ಫನ ಬಾಗಿಲು ಬಡಿದೆ. ಮಾತು ಬಿಟ್ಟು ಎಂಟು ದಿನವಾಗಿತ್ತು. ಅವನು ಆಲೂಗಡ್ಡೆ ಹೊರುವ ತನ್ನ ಪೆಟ್ಟಿಗೆ ಸೈಕಲನ್ನು ಹೊರಗೆ ತಂದ. ನಾನು ಪಿಮ್‌ನನ್ನು ತೊಡೆಯ ಮೇಲಿಟ್ಟುಕೊಂಡು ಪೆಟ್ಟಿಗೆಯಲ್ಲಿ ಕೂತೆ. ಅರವತ್ತೆಂಟರ ಮುದುಕ ಅರವತ್ತೇಳರ ಮುದುಕನನ್ನು ಕೂರಿಸಿಕೊಂಡು ಕಾಲುವೆಯ ದಂಡೆಯಲ್ಲಿ ಎದುರುಗಾಳಿಗೆ ಏಳು ಕಿಲೋಮೀಟರು ತುಳಿದ. ದಾರಿಯುದ್ದಕ್ಕೂ ಮಾತಾಡದೆ ಕೂತವನು ಈ ಸಲ ನಾನು.

ಪಶುವೈದ್ಯೆ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನೋಡಿ, ರಕ್ತ ತೆಗೆದು, ಕೇಳಿದಳು:

"ಏನು ತಿನ್ನಿಸ್ತಿದೀರಿ?"

ನಾನು ರೂಲ್ಫನ ಕಡೆ ಕೈ ತೋರಿಸಿದೆ. "ಇವನು ದಿನಾ ಬಿಸ್ಕತ್ತು ಹಾಕ್ತಾನೆ."

"ಹೌದು," ಅಂದ ರೂಲ್ಫ್. "ಎರಡು." ಅಷ್ಟೇ ಅಂದ. ನನ್ನ ಲೇಖನದ ವಿಷಯ ಎತ್ತಲಿಲ್ಲ. ಅವನಿಗೆ ಅದು ಬಾಯಿಪಾಠ ಬರುತ್ತಿತ್ತೆಂದು ನನಗೆ ಗೊತ್ತು.

"ಬಿಸ್ಕತ್ತಿಂದ ರಕ್ತ ಹೀಗೆ ಒಡೆಯಲ್ಲ," ಅಂದಳು ಆಕೆ. "ಈರುಳ್ಳಿ ಏನಾದ್ರೂ ತಿಂದಿದೆಯಾ?"

ಕೋಣೆಯಲ್ಲಿ ಗಡಿಯಾರ ಇತ್ತು, ಅದನ್ನು ನೋಡುತ್ತ ಹೇಳಿದೆ. ಅಕ್ಟೋಬರಿನಿಂದ. ದಿನಕ್ಕೆ ಎರಡು ಹೊತ್ತು. ಧಾರಾಳವಾಗಿ.

ಆಕೆ ಬೈಯಲಿಲ್ಲ. ನಾಯಿಗೆ ಈರುಳ್ಳಿ ವಿಷ, ಬೇಯಿಸಿದರೂ ವಿಷ, ಒಂದೇ ದಿನಕ್ಕೆ ಕಾಣದೆ ಒಳಗೊಳಗೇ ರಕ್ತ ತಿನ್ನುತ್ತದೆ ಎಂದಳು. "ಇಲ್ಲಿಗೆ ಬಿಟ್ಟುಹೋಗಿ" ಅಂದಳು. ರಕ್ತ ಏರಿಸಿ ಒಂಬತ್ತು ದಿನ ಇಟ್ಟುಕೊಂಡಳು.

ಹೊರಗೆ ಬಂದ ಮೇಲೆ ರೂಲ್ಫ್ ಸೈಕಲಿನ ಬೀಗ ತೆಗೆಯುತ್ತ ಅಂದ, "ಬೆರೆಂಡ್, ಮುಖಪುಟ."

ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಕಾಲುವೆಯ ಎರಡೂ ದಂಡೆ ಸೇರಿ ನಮ್ಮೂರಲ್ಲಿ ಹನ್ನೊಂದು ಮನೆಯಲ್ಲಿ ನಾಯಿಯಿದೆ. ಎಲ್ಲ ಮನೆಗೂ ಪತ್ರಿಕೆ ಹೋಗುತ್ತದೆ. ಆ ಮಧ್ಯಾಹ್ನವೇ ನಡೆದುಕೊಂಡು ಹೊರಟೆ. ಪ್ರತಿ ಬಾಗಿಲಲ್ಲೂ ಟೋಪಿ ತೆಗೆದು, ನಾನು ಬರೆದದ್ದು ತಪ್ಪು, ಹಾಕಬೇಡಿ, ಹಾಕಿದ್ದರೆ ಡಾಕ್ಟರಿಗೆ ತೋರಿಸಿ ಎಂದೆ. ಒಂದು ಮನೆಯವರು ಎರಡು ದಿನ ಹಾಕಿದ್ದರಂತೆ, ಅವರ ನಾಯಿ ಮೂಸಿ ಬಿಟ್ಟಿತಂತೆ. ಇನ್ನೊಂದು ಮನೆ ಹೊಲಿಗೆಯ ಫೆಮ್ಮಿಯದು. ಅವಳು ಬಾಗಿಲಲ್ಲೇ ನಿಂತು ಹೇಳಿದಳು: "ನೀವೇನೂ ತಲೆಕೆಡಿಸ್ಕೋಬೇಡಿ ಬೆರೆಂಡ್. ಓದಿದ್ವಿ, ಆದ್ರೆ ಮಾಡಲಿಲ್ಲ. ರೂಲ್ಫ್ ಬರೆದಿದ್ರೆ ಮಾಡ್ತಿದ್ವೇನೋ."

ಉಳಿದ ಒಂಬತ್ತು ಮನೆಯಲ್ಲೂ ಹೆಚ್ಚುಕಡಿಮೆ ಇದೇ ಮಾತು. ಮುಖಪುಟದಲ್ಲಿ ಬಂದ ನನ್ನ ಸಲಹೆಯನ್ನು ನೂರ್ಡ್‌ವೇನಿನಲ್ಲಿ ಪೂರ್ತಿ ನಂಬಿದ ಜೀವ ಪಿಮ್ ಒಂದೇ. ನನಗೆ ನೆಮ್ಮದಿಯಾಯಿತು. ಆ ನೆಮ್ಮದಿಯೂ ಚುಚ್ಚಿತು.

ಜನವರಿ ಸಂಚಿಕೆಗೆ ರೂಲ್ಫ್ ತನ್ನ ಅಂಕಣದಲ್ಲಿ ಬರೆದ. ಅಚ್ಚಿಗೆ ಹೋಗುವ ಮೊದಲು ತಂದು ತೋರಿಸಿದ. "ಓದುಗರೊಬ್ಬರ ಅನುಭವ" ಎಂದು ಹಾಕಿದ್ದ. ನನ್ನ ಹೆಸರಿರಲಿಲ್ಲ.

"ಯಾರು ಈ ಓದುಗರೊಬ್ಬರು?" ಅಂದೆ.

"ಯಾರಾದ್ರೇನು ಬಿಡೋ."

"ನಾಯಿ ನನ್ನ ಕೈಯಲ್ಲಿ ಬಿದ್ದಿದ್ದು. ಹೆಸರು ಹಾಕು. ಹೋಫ್‌ಸ್ಟೇ, ಪೂರ್ತಿ ಬರಿ. ಇದಾದ್ರೂ ನಂದು ಇರಲಿ."

ಹಾಕಿದ. ಚಿಕ್ಕ ಅಕ್ಷರದಲ್ಲಿ. ನಿನಗೆ ಬಂದಿರುತ್ತದೆ. ಅದನ್ನು ಫ್ರಿಜ್ಜಿಗೆ ಅಂಟಿಸಿದರೂ ನನ್ನ ಅಡ್ಡಿಯಿಲ್ಲ.

ಡಾಕ್ಟರ ಖರ್ಚಿನ ಬಗ್ಗೆ ನೀನು ಯೋಚಿಸಬೇಡ. ಏನೋ ಒಂದು ನೂರೈವತ್ತು ಗಿಲ್ಡರ್ ಆಸುಪಾಸು. ನಿನ್ನ ಲಕೋಟೆಗಳನ್ನು ಮುಟ್ಟಿಲ್ಲ.

ತಪ್ಪು ಮಾಡಿದ,
ಬೆರೆಂಡ್ ಮಾವ


ಬರ್ಗೆನ್, 27 ಜನವರಿ

ಮಾವ,

ನಿಮ್ಮ ಪತ್ರ ಬಂದು ಐದು ದಿನವಾಯಿತು. ಮೊದಲ ಮೂರು ದಿನ ಬರೆಯಲು ಕೂತಿದ್ದರೆ ಬೇರೆ ಥರದ ಪತ್ರ ಬರುತ್ತಿತ್ತು. ಅದಕ್ಕೇ ಕೂರಲಿಲ್ಲ.

ಚೀಲದ ಊಟ ಹಾಕಿ ಎಂದು ಎರಡು ಸಲ ಬರೆದಿದ್ದೆ. ಎರಡು ಸಲವೂ ನೀವು ಬರೆದದ್ದು ನನಗೆ ಉತ್ತರವಲ್ಲ, ರೂಲ್ಫ್ ಮಾಮನಿಗೆ ಉತ್ತರ.

ಬಾಗಿಲು ಬಾಗಿಲಿಗೆ ಹೋದಿರೆಂದು ಓದಿದೆ. ಹೆಸರು ಹಾಕಿಸಿದ್ದನ್ನೂ ನೋಡಿದೆ.

ಮುಂದಿನ ಚಳಿಗಾಲಕ್ಕೂ ಇಲ್ಲಿಗೆ ಕರೆದಿದ್ದಾರೆ. ಪಿಮ್‌ನನ್ನು ಮತ್ತೆ ಬಿಡಬೇಕು. ನಿಮ್ಮ ಹತ್ತಿರವೋ ರೂಲ್ಫ್ ಮಾಮನ ಹತ್ತಿರವೋ ಎಂದು ಯೋಚಿಸುತ್ತಿದ್ದೇನೆ. ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು ಮಾವ, ಒಂಬತ್ತು ದಿನ ರಕ್ತ ಏರಿಸಿ ಇಟ್ಟುಕೊಂಡರೆ ನೂರೈವತ್ತಕ್ಕೆ ಮುಗಿಯುವುದಿಲ್ಲ. ದುಡ್ಡು ನನಗೆ ಬೇಡ. ಆದರೆ ನಿಜವಾದ ಮೊತ್ತ ಬರೆದು ಕಳಿಸಿ. ನಾನು ದೂರದಲ್ಲಿರುವಾಗ ನೀವು ಬರೆದದ್ದನ್ನು ಬಿಟ್ಟು ನನಗೆ ಬೇರೆ ಕಣ್ಣಿಲ್ಲ.

ಆಲ್ಚೆ


ನೂರ್ಡ್‌ವೇನ್, 6 ಮಾರ್ಚ್

ಪ್ರೀತಿಯ ಆಲ್ಚೆ,

ಐದು ವಾರ ತೆಗೆದುಕೊಂಡೆ. ನಾಲ್ಕು ಪತ್ರ ಬರೆದೆ. ಒಂದರಲ್ಲಿ ಇನ್ನೂರು ಅಂತ ಇತ್ತು, ಒಂದರಲ್ಲಿ ಮುನ್ನೂರು. ಎಲ್ಲ ಒಲೆಗೆ ಹೋದವು. ಕಾಗದ ದಂಡ, ಆದರೆ ಒಲೆ ಹೊತ್ತಿಸಲು ಬಂತು.

ಪಿಮ್ ಮೊನ್ನೆ ಬಾತುಕೋಳಿಯ ಹಿಂದೆ ಹೋಗಿ ಕಾಲುವೆಗೆ ಬಿದ್ದ. ಮೈ ಒರೆಸುವಾಗ ಒಸಡು ನೋಡಿದೆ, ಗುಲಾಬಿ. ದಿನಾ ನೋಡುತ್ತೇನೆ. ಚೀಲದ ಊಟ ಹಾಕುತ್ತಿದ್ದೇನೆ, ನನ್ನ ಕಾಸಿನಲ್ಲಿ. ಮೊದಮೊದಲು ಅವನಿಗೆ ಬಾಯಿ ರುಚಿಯೇ ಇರಲಿಲ್ಲ. ಡಾಕ್ಟರು ಹೇಳಿದಂತೆ ಬೇಯಿಸಿದ ಕೋಳಿಯನ್ನು ನುಣ್ಣಗೆ ಅರೆದು, ಬಾಟಲಿ ಕೋಲಿನ ರಬ್ಬರಿಗೆ ಬಳಿದು, ನಾಲಗೆಗೆ ಸವರಿ ತಿನ್ನಿಸಿದೆ. ಆ ಕೋಲನ್ನು ಕಂಡುಹಿಡಿದವನು ನಾನಲ್ಲ. ನಿನ್ನಜ್ಜಿ ಸಂತೆಯಲ್ಲಿ ಕೊಂಡದ್ದು. ಅದನ್ನೂ ಬರೆದುಬಿಡುತ್ತೇನೆ, ಕೈ ಹೇಗೂ ಈ ದಾರಿಗೆ ಬಿದ್ದಿದೆ.

ಮಧ್ಯಾಹ್ನ ಮೂರಕ್ಕೆ ಅವನು ಸೇತುವೆ ದಾಟುತ್ತಾನೆ. ಬೇಲಿಯ ಹಲಗೆ ಕಿತ್ತುಹಾಕಿದ್ದೇನೆ. ಹಿಂದೆ ನಾನೂ ಹೋಗುತ್ತೇನೆ. ಹೊಟ್ಟೆಕಿಚ್ಚು ಹೋಗಿದೆಯೆಂದು ಬರೆದರೆ ನೀನು ನಂಬುವುದಿಲ್ಲ, ಹೋಗಿಯೂ ಇಲ್ಲ. ರೂಲ್ಫನನ್ನು ಕಂಡ ಕೂಡಲೇ ಪಿಮ್‌ನ ಬಾಲ ಅಲ್ಲಾಡುವುದನ್ನು ನೋಡಿದರೆ ಇವತ್ತಿಗೂ ನನ್ನೊಳಗೆ ಏನೋ ಕೆರೆಯುತ್ತದೆ. ಆದರೆ ಕೂತು ನೋಡುತ್ತೇನೆ.

ನಿನ್ನೆಯೂ ಹೋಗಿದ್ದೆವು. ಪಿಮ್‌ಗೆ ಬಿಸ್ಕತ್ತು ಬೇಡ ಎಂದು ಡಾಕ್ಟರು ಹೇಳಿದ್ದಾರೆ, ರೂಲ್ಫ್ ಅವನಿಗೆ ಕೊಡುವುದಿಲ್ಲ. ಡಬ್ಬಿ ತೆಗೆದ. ನನಗೊಂದು ಕೊಟ್ಟ, ತಾನೊಂದು ತೆಗೆದುಕೊಂಡ. ನಾನು ತಿಂದು ಮುಗಿಸಿದೆ. ಕಾಫಿ ಅರ್ಧ ಇತ್ತು. ನೋಡಿದರೆ ಡಬ್ಬಿಯ ಮುಚ್ಚಳ ಮೇಜಿನ ಮೇಲೇ ಇದೆ.

"ಮುಚ್ಚಳ ಹಾಕೋದು ಮರೆತೆ," ಅಂದೆ.

"ವಯಸ್ಸಾಯ್ತು ಕಣೋ," ಅಂದ. "ಎಣಿಕೆ ತಪ್ತದೆ." ಕಿಟಕಿಯ ಆಚೆ ನೋಡುತ್ತ ಡಬ್ಬಿಯನ್ನು ನನ್ನ ಕಡೆ ಒಂದು ಬೆರಳಷ್ಟು ತಳ್ಳಿದ.

ಅರವತ್ತು ವರ್ಷದ ಸ್ನೇಹದಲ್ಲಿ ಒಂದೇ ಕಾಫಿಗೆ ನನಗೆ ಎರಡನೇ ಬಿಸ್ಕತ್ತು ಸಿಕ್ಕಿದ್ದು ಅದೇ ಮೊದಲು. ತಿಂದೆ. ಒಣಗಿತ್ತು.

ಮನೆಗೆ ಬಂದು ಈ ಹಾಳೆ ತೆಗೆದೆ. ನಾಯಿಯನ್ನು ಅವನ ಹತ್ತಿರ ಬಿಟ್ಟರೂ ನಾನು ಮೂರು ಗಂಟೆಗೆ ಹೋಗಿ ನೋಡಬಹುದು, ಅವನು ಬಾಗಿಲು ಹಾಕುವುದಿಲ್ಲ. ನನ್ನ ಹತ್ತಿರವೇ ಬಿಟ್ಟರೆ ಚೀಲದ ಊಟ. ನಿನ್ನಿಷ್ಟ. ಆರು ಲಕೋಟೆ ಬಿಸ್ಕತ್ತಿನ ಖಾಲಿ ಡಬ್ಬಿಯಲ್ಲಿವೆ, ಅಂಟು ಒಡೆದಿಲ್ಲ. ಹೊಸ ಸೈಕಲ್ಲಿಗೆಂದು ನಾನು ಕೂಡಿಟ್ಟದ್ದು ಅದರ ಪಕ್ಕದ ಡಬ್ಬಿಯಲ್ಲಿತ್ತು, ಅದೀಗ ಖಾಲಿ. ಡಾಕ್ಟರ ಚೀಟಿಯಲ್ಲಿ ಇರುವುದು, ನೋಡಿಕೊಂಡೇ ಬರೆಯುತ್ತಿದ್ದೇನೆ, ಏಳುನೂರ ಹದಿನೆಂಟು ಗಿಲ್ಡರ್ ಐವತ್ತು ಸೆಂಟು.

ಬೆರೆಂಡ್ ಮಾವ